ಹತ್ತು ವರ್ಷದ ಅಡುಗೆಮನೆ ಕ್ಯಾಬಿನೆಟ್ ಪೂರ್ತಿ ಕೀಳಿಸಬೇಕಾ, ನಾವೇ ಸರಿ ಮಾಡಿಕೊಳ್ಳಬಹುದಾ?

ಬಾಗಿಲುಗಳು ಜೋತುಬಿದ್ದಿವೆ, ಸಿಂಕ್ ಕೆಳಗಿನ ಹಲಗೆ ಉಬ್ಬಿದೆ, ನೋಡಿದವರೆಲ್ಲ ಕಿತ್ತು ಹೊಸದು ಮಾಡಿಸಿ ಅಂತಿದ್ದಾರೆ ಎಂದು ಬರೆದಿದ್ದೀರಿ. ದಯವಿಟ್ಟು ಅವಸರ ಮಾಡಬೇಡಿ. ಹಾಸನದ ನಮ್ಮ ಮನೆಯಲ್ಲೂ ಇದೇ ಸ್ಥಿತಿ ಇತ್ತು. ಮೂರು ಭಾನುವಾರ ಕೂತು ನಾನೇ ಸರಿ ಮಾಡಿದೆ. ಕ್ಯಾಬಿನೆಟ್‌ನ ಡಬ್ಬಿ, ಅಂದರೆ ಬಾಗಿಲು ಬಿಟ್ಟು ಉಳಿದ ಪೆಟ್ಟಿಗೆ ಗಟ್ಟಿಯಿದ್ದರೆ ಅದನ್ನು ಬಿಸಾಡುವ ಅಗತ್ಯವೇ ಇಲ್ಲ.

ಮೊದಲು ನೀರು ಎಲ್ಲಿಂದ ಬರ್ತಿದೆ ನೋಡಿ. ಸಿಂಕ್ ಕೆಳಗಿನ ಸಾಮಾನೆಲ್ಲ ತೆಗೆದು, ಪೈಪಿನ ಜಾಯಿಂಟ್‌ಗಳಿಗೆ ಒಣ ಪೇಪರ್ ಸುತ್ತಿ, ಸಿಂಕಿಗೆ ಒಂದು ಬಕೆಟ್ ನೀರು ಸುರಿಯಿರಿ. ಪೇಪರ್ ಒದ್ದೆಯಾದರೆ ವಾಷರ್ ಬದಲಿಸಿ. ಒಣಗಿಯೇ ಇದ್ದರೆ ಸಿಂಕಿನ ಸುತ್ತ ಗ್ರಾನೈಟ್ ಮೇಲೆ ನೀರು ಹಾಕಿ ನೋಡಿ. ನಮ್ಮಲ್ಲಿ ಸೋರುತ್ತಿದ್ದದ್ದು ಅಲ್ಲೇ, ಸಂದಿಗೆ ತುಂಬಿದ್ದ ಹಳೆಯ ಸಿಲಿಕಾನ್ ಅಂಟು ಬಿಟ್ಟುಕೊಂಡಿತ್ತು. ಅದನ್ನು ಬ್ಲೇಡಿನಿಂದ ಪೂರ್ತಿ ಕೆರೆದು, ಒಂದು ರಾತ್ರಿ ಒಣಗಲು ಬಿಟ್ಟು, ಬೂಸ್ಟು ಹಿಡಿಯದ ಸಿಲಿಕಾನ್ ಹಾಕಿದೆ. ಹಾಕಿದ ಮೇಲೆ 24 ಗಂಟೆ ಅಲ್ಲಿ ನೀರು ಬಳಸಬೇಡಿ.

ಒಮ್ಮೆ ಉಬ್ಬಿದ ಪಾರ್ಟಿಕಲ್ ಬೋರ್ಡ್ (ಮರದ ಚೂರು ಒತ್ತಿ ಮಾಡಿದ ಹಲಗೆ) ಮತ್ತೆ ಇಳಿಯುವುದಿಲ್ಲ. ತಳದ ಆ ಹಲಗೆಯೊಂದನ್ನು ತೆಗೆದು 18 ಎಂ.ಎಂ. ಡಬ್ಲ್ಯುಪಿಸಿ (ಮರದ ಪುಡಿ, ಪ್ಲಾಸ್ಟಿಕ್ ಬೆರೆಸಿ ಮಾಡಿದ ಹಲಗೆ) ಹಾಕಿ. ಅದು ನೀರು ಹೀರಿ ಉಬ್ಬುವುದಿಲ್ಲ, ಗೆದ್ದಲಿನ ಕಾಟವೂ ಇರೋದಿಲ್ಲ. ಪ್ಲೈವುಡ್ಡೇ ಬೇಕೆಂದರೆ ಐಎಸ್ 710 ಮುದ್ರೆ (ನೀರು ತಡೆಯುವ ಮರೀನ್ ಪ್ಲೈವುಡ್‌ನ ಗುರುತು) ಇರುವುದನ್ನೇ ಕೇಳಿ. ಪೈಪಿಗೆಂದು ತೂತು ಕೊರೆದ ಅಂಚಿಗೆ ಸಿಲಿಕಾನ್ ಬಳಿಯಲು ಮರೆಯಬೇಡಿ. ನಮ್ಮ ಹಳೆಯ ಹಲಗೆ ಹಾಳಾಗಲು ಶುರುವಾಗಿದ್ದೇ ಅಲ್ಲಿಂದ. ಮೇಲೆ ಲ್ಯಾಮಿನೇಟ್ ಎಷ್ಟು ಚೆನ್ನಾಗಿದ್ದರೂ ಕೊರೆದ ಜಾಗದಲ್ಲಿ ಒಳಗಿನ ಹಲಗೆ ನೀರಿಗೆ ಬಾಯಿ ತೆರೆದುಕೊಂಡೇ ಇತ್ತು.

ಬಾಗಿಲು ಜೋತುಬಿದ್ದರೆ ಹಿಂಜಸ್ ಹೋಯಿತು ಅಂದುಕೊಳ್ಳಬೇಡಿ. ಈಗಿನ ಹಿಂಜಸ್‌ಗಳಲ್ಲಿ ಬಾಗಿಲಿಗೆ ಹತ್ತಿರದ ಸ್ಕ್ರೂ ತಿರುಗಿಸಿದರೆ ಬಾಗಿಲು ಎಡಬಲ ಸರಿಯುತ್ತದೆ, ಹಿಂದಿನದು ತಿರುಗಿಸಿದರೆ ಒಳಹೊರಗೆ. ಹಿಂಜಸ್ ಅನ್ನು ಡಬ್ಬಿಗೆ ಹಿಡಿದಿರುವ ಪ್ಲೇಟಿನ ಎರಡು ಸ್ಕ್ರೂ ಸಡಿಲಿಸಿದರೆ ಮೇಲೆಕೆಳಗೆ ಜರುಗಿಸಬಹುದು. ನಮ್ಮ ಮನೆಯ ಮುಕ್ಕಾಲು ಬಾಗಿಲುಗಳು ಬರೀ ಸ್ಕ್ರೂಡ್ರೈವರ್‌ನಲ್ಲೇ ನೆಟ್ಟಗಾದವು. ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ ತೂತು ಸಡಿಲಾಗಿದೆ ಅಂತ ಅರ್ಥ. ಉರಿದು ಉಳಿದ ಊದುಬತ್ತಿ ಕಡ್ಡಿಗಳನ್ನು ಫೆವಿಕಾಲ್‌ನಲ್ಲಿ ಅದ್ದಿ, ತೂತಿಗೆ ಬಿಗಿಯಾಗಿ ತುರುಕಿ. ಒಂದು ದಿನ ಒಣಗಿದ ಮೇಲೆ ಸಮಕ್ಕೆ ಕತ್ತರಿಸಿ, ಸಣ್ಣ ಬಿಟ್‌ನಿಂದ ತೂತು ಮಾಡಿ ಸ್ಕ್ರೂ ಹಾಕಿ. ಬಿದಿರಿನ ಕಡ್ಡಿಯಲ್ಲವೇ, ಚೆನ್ನಾಗಿ ಹಿಡಿಯುತ್ತದೆ. ಹಲಗೆಯೇ ಪುಡಿಯಾಗಿದ್ದರೆ ಇದು ನಿಲ್ಲುವುದಿಲ್ಲ. ಅಲ್ಲಿ ಸ್ಟೀಲ್ ಪ್ಲೇಟ್ ಕೂರಿಸಬೇಕು.

ಬಣ್ಣದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಒಲೆ ಪಕ್ಕದ ಬಾಗಿಲಿಗೆ ವಿನೈಲ್ ಸ್ಟಿಕರ್ ಅಂಟಿಸಬೇಡಿ, ಬಿಸಿಗೆ ಅಂಚು ಸುರುಟಿಕೊಳ್ಳುತ್ತದೆ. ಪೇಂಟ್ ಮಾಡುವುದಾದರೆ ಒಗ್ಗರಣೆ ಜಿಡ್ಡನ್ನು ಬಿಸಿನೀರು, ಪಾತ್ರೆ ಸೋಪಿನಿಂದ ತೊಳೆದು, 220 ನಂಬರ್ ಸ್ಯಾಂಡ್‌ಪೇಪರ್ ಉಜ್ಜಿ, ಪ್ರೈಮರ್ ಹಾಕಿಯೇ ಮುಂದೆ ಹೋಗಿ. ಹ್ಯಾಂಡಲ್ ತರುವ ಮುಂಚೆ ಎರಡು ತೂತುಗಳ ನಡುವಿನ ಅಂತರ ಅಳೆಯಿರಿ. 96 ಅಥವಾ 128 ಎಂ.ಎಂ. ಇರುವುದೇ ಹೆಚ್ಚು.

ದುಡ್ಡು ಉಳಿದರೆ ಅದನ್ನು ಡ್ರಾಯರ್‌ಗೆ ಹಾಕಿ. ಅಮ್ಮನಿಗೆ ಮಂಡಿನೋವು. ಕೆಳಗಿನ ಶೆಲ್ಫಿನ ಹಿಂದಿರುವ ಬೇಳೆ ಡಬ್ಬ ತೆಗೆಯಲು ನೆಲದ ಮೇಲೆ ಕೂರಬೇಕಾಗುತ್ತಿತ್ತು. ಅಲ್ಲಿಗೆ 20 ಇಂಚಿನ ಟೆಲಿಸ್ಕೋಪಿಕ್ ಚಾನೆಲ್ (ಡ್ರಾಯರ್ ಹೊರಗೆ ಜಾರಿ ಬರುವ ಹಳಿ) ಹಾಕಿ ಎರಡು ಡ್ರಾಯರ್ ಮಾಡಿದೆ. ಚಾನೆಲ್‌ಗೆ ಎರಡೂ ಕಡೆ ಅರ್ಧರ್ಧ ಇಂಚು ಬೇಕು. ಹಾಗಾಗಿ ಡ್ರಾಯರ್ ಅಗಲ ಒಳಗಿನ ಅಳತೆಗಿಂತ 1 ಇಂಚು ಕಮ್ಮಿ ಇರಲಿ. ಈಗ ಅಮ್ಮ ನಿಂತಲ್ಲೇ ಎಳೆದರೆ ಸಾಕು, ಹಿಂದಿನ ಡಬ್ಬವೂ ಕೈಗೆ ಬರುತ್ತದೆ.

ಮೇಲಿನ ಗೋಡೆ ಕ್ಯಾಬಿನೆಟ್ ಬಿಚ್ಚಬೇಕಾದರೆ ಮಾತ್ರ ಒಬ್ಬರೇ ಕೈ ಹಾಕಬೇಡಿ, ಬಡಗಿಯನ್ನೇ ಕರೆಸಿ. ಪಕ್ಕದ ಹಲಗೆಗಳೂ ಬುಡದಿಂದ ಉಬ್ಬಿದ್ದರೆ ಅಥವಾ ಗೆದ್ದಲಿನ ಮಣ್ಣು ಕಂಡರೆ ಆ ಡಬ್ಬಿ ಉಳಿಯುವುದಿಲ್ಲ, ಅದೊಂದನ್ನು ಹೊಸದು ಮಾಡಿಸಿ.