ಕಾಲಿನಲ್ಲಿ ರಾಡ್ ಇದೆ, ಸೇನೆಗೆ ಸೇರಬಹುದೇ?

ಪ್ರಶ್ನೆ: ಡಾಕ್ಟರರೇ, ನಾನು ಶಿರಸಿ ಸಮೀಪದ ಹಳ್ಳಿಯವನು. ವಯಸ್ಸು 20, ಬಿ.ಎಸ್ಸಿ. ಎರಡನೆಯ ವರ್ಷ, ಎನ್‌ಸಿಸಿ ಕೆಡೆಟ್. ಸಿಡಿಎಸ್ ಪರೀಕ್ಷೆ ಬರೆದು ಭೂಸೇನೆಯ ಅಧಿಕಾರಿಯಾಗಬೇಕೆಂಬುದು ಹೈಸ್ಕೂಲಿನಿಂದಲೂ ಇರುವ ಆಸೆ. ಎಂಟು ತಿಂಗಳ ಹಿಂದೆ ಅಡಿಕೆಯ ಕೊನೆ ಕೊಯ್ಲಿನ ಸಮಯದಲ್ಲಿ, ಮರ ಹತ್ತಿ ಗೊನೆ ಇಳಿಸುವ ಕೊನೆಗೌಡರು ಬಾರದ ದಿನ ನಾನೇ ಮರ ಹತ್ತಿ ಜಾರಿ ಬಿದ್ದೆ. ಬಲಗಾಲಿನ ಕಣಕಾಲೆಲುಬು ನಟ್ಟನಡುವೆ ಮುರಿದು ರಾಡ್ ಹಾಕಿದ್ದಾರೆ. ಈಗ ಚೆನ್ನಾಗಿ ನಡೆಯುತ್ತೇನೆ, ಆದರೆ ಮಂಡಿಯೂರಿದರೆ ಮಂಡಿಯ ಮುಂಭಾಗ ನೋಯುತ್ತದೆ. ಆಪರೇಷನ್ ಆದದ್ದನ್ನು ಹೇಳಲೇಬೇಡ ಎಂದು ನೆಂಟರು ಹೇಳುತ್ತಾರೆ. ಸೇನೆಯ ಮಾತು ಬಿಟ್ಟು ಬ್ಯಾಂಕ್ ಪರೀಕ್ಷೆಗೆ ಓದು ಎಂದು ಅಪ್ಪ ಹೇಳುತ್ತಾರೆ. ನನಗೆ ದಾರಿ ಇದೆಯೇ?

ಉತ್ತರ: ದಾರಿ ಇದೆ, ಆದರೆ ಅದು ನಿಮ್ಮ ಛಲಕ್ಕಿಂತ ಹೆಚ್ಚಾಗಿ ನಿಮ್ಮ ಎಕ್ಸ್‌ರೇಯನ್ನು ಅವಲಂಬಿಸಿದೆ. ಕಾರವಾರದ ಕಡಲತೀರದಲ್ಲಿರುವ ಮೇಜರ್ ರಾಮ ರಾಘೋಬ ರಾಣೆಯವರ ಪ್ರತಿಮೆಯನ್ನು ನೀವು ನೋಡಿರಬಹುದು. ಇದೇ ತಾಲ್ಲೂಕಿನ ಚೆಂಡಿಯಾದ ಆ ವೀರರು 1948ರ ಏಪ್ರಿಲ್ 8ರಂದು ನೌಶೇರಾ-ರಜೌರಿ ದಾರಿಯಲ್ಲಿ ಮಾರ್ಟರ್ ದಾಳಿಗೆ ಸಿಕ್ಕಿ ಗಾಯಗೊಂಡರೂ ಹಿಂದಿರುಗದೆ, ಏಪ್ರಿಲ್ 11ರವರೆಗೆ ನೆಲಬಾಂಬುಗಳನ್ನೂ ಅಡೆತಡೆಗಳನ್ನೂ ತೆಗೆದು ಟ್ಯಾಂಕುಗಳಿಗೆ ದಾರಿ ಮಾಡಿಕೊಟ್ಟು, ಬದುಕಿದ್ದಾಗಲೇ ಪರಮವೀರ ಚಕ್ರ ಪಡೆದರು. 1971ರ ಯುದ್ಧದಲ್ಲಿ ಕಾಲು ಕಳೆದುಕೊಂಡ ಇಯಾನ್ ಕಾರ್ಡೋಜೊ ಅವರು ಮುಂದೆ ಬೆಟಾಲಿಯನ್ನನ್ನೇ ಮುನ್ನಡೆಸಿದರು. ನಿಮ್ಮಂಥ ಹುಡುಗರಿಗೆ ಧೈರ್ಯ ಹೇಳುವವರು ಇಂಥ ಹೆಸರುಗಳನ್ನೇ ಹೇಳುತ್ತಾರೆ. ಆದರೆ ಅವರೆಲ್ಲ ಸೇನೆಗೆ ಸೇರಿದ ಮೇಲೆ ಗಾಯಗೊಂಡವರು. ಒಳಗಿರುವ ಸೈನಿಕನನ್ನು ಉಳಿಸಿಕೊಳ್ಳುವ ನಿಯಮ ಬೇರೆ, ಹೊಸಬನನ್ನು ಒಳಗೆ ಬಿಟ್ಟುಕೊಳ್ಳುವ ನಿಯಮ ಬೇರೆ. ಇದನ್ನು ತಿಳಿಯದೆ ವರ್ಷಗಳನ್ನು ಕಳೆದುಕೊಂಡವರನ್ನು ಸೇನೆಯ ವೈದ್ಯನಾಗಿದ್ದಾಗ ನಾನು ಕಂಡಿದ್ದೇನೆ, ಆ ಸಂಕಟ ನಿಮಗೆ ಬರಬಾರದು.

ಎಲುಬಿನೊಳಗೆ ರಾಡ್, ಪ್ಲೇಟ್ ಅಥವಾ ಸ್ಕ್ರೂ ಇರುವ ಅಭ್ಯರ್ಥಿಯನ್ನು ವೈದ್ಯಕೀಯ ಮಂಡಳಿ ಅನರ್ಹನೆಂದೇ ಬರೆಯುತ್ತದೆ. ಮುರಿತವು ಕೀಲಿನೊಳಗೆ ಹೋಗಿದ್ದರೆ ಆಪರೇಷನ್ ಆಗಿದ್ದರೂ ಆಗಿರದಿದ್ದರೂ ಬಾಗಿಲು ಬಹುಮಟ್ಟಿಗೆ ಮುಚ್ಚಿದಂತೆಯೇ. ನಿಮ್ಮದು ಎಲುಬಿನ ನಡುವೆ ಆದ ಮುರಿತ, ಮಂಡಿಗೂ ಪಾದದ ಕೀಲಿಗೂ ತಾಗಿಲ್ಲ. ಇದು ನಿಮ್ಮ ಪಾಲಿನ ಅದೃಷ್ಟ. ಇಂಥ ಮುರಿತ ಪೂರ್ತಿ ಕೂಡಿ ರಾಡ್ ತೆಗೆದ ಮೇಲೆ, ಎನ್‌ಡಿಎ (ರಾಷ್ಟ್ರೀಯ ರಕ್ಷಣಾ ಅಕಾಡೆಮಿ) ಪರೀಕ್ಷೆಯ ಅಧಿಸೂಚನೆಯಲ್ಲಿ ಮುದ್ರಿತವಾಗುವ ವಾಯುಪಡೆಯ ಮಾನದಂಡದಂತೆ, ಕನಿಷ್ಠ 12 ವಾರ ಕಳೆದರೆ ಅರ್ಹತೆಯನ್ನು ಪರಿಶೀಲಿಸಬಹುದು. ಭೂಸೇನೆಗೆ ಹೋಗುವ ನೀವೂ ಅದಕ್ಕಿಂತ ಕಡಿಮೆ ಅವಧಿಯನ್ನು ಲೆಕ್ಕ ಹಾಕಬೇಡಿ.

ಮಂಡಿಯ ನೋವಿಗೆ ಗಾಬರಿಯಾಗಬೇಡಿ. ಈ ರಾಡನ್ನು ಮಂಡಿಚಿಪ್ಪಿನ ಕೆಳಗಿನಿಂದ ಒಳಗೆ ಇಳಿಸುವುದರಿಂದ ಮಂಡಿಯೂರಿದಾಗ ನೋಯುವುದು ಬಹಳ ಮಂದಿಗೆ ಸಾಮಾನ್ಯ. ರಾಡ್ ತೆಗೆದ ಮೇಲೆ ಹಲವರಿಗೆ ಅದು ಕಡಿಮೆಯಾಗುತ್ತದೆ, ಎಲ್ಲರಿಗೂ ಅಲ್ಲ. ಆದರೆ ನೋವು ಬೇಗ ಹೋಗಲೆಂದು ರಾಡ್ ತೆಗೆಸಲು ಆತುರಪಡಬೇಡಿ. ಸಾಮಾನ್ಯವಾಗಿ ಒಂದರಿಂದ ಎರಡು ವರ್ಷದೊಳಗೆ, ಎಲುಬು ಗಟ್ಟಿಯಾಗಿ ಕೂಡಿದ್ದನ್ನು ಎಕ್ಸ್‌ರೇಯಲ್ಲಿ ಕಂಡ ಮೇಲೆಯೇ ತೆಗೆಯುತ್ತಾರೆ. ತೆಗೆದಾಗ ಸ್ಕ್ರೂ ಇದ್ದ ತೂತುಗಳು ಉಳಿಯುತ್ತವೆ, ಅವು ತುಂಬುವವರೆಗೆ ಎಲುಬು ಅಲ್ಲಿ ದುರ್ಬಲ. ಲಿಖಿತ ಪರೀಕ್ಷೆಯ ನಂತರದ ಎಸ್‌ಎಸ್‌ಬಿ ಆಯ್ಕೆ ಮಂಡಳಿಯ ಪರೀಕ್ಷೆಯಲ್ಲಿ ಮೂರು ನಿಮಿಷದಲ್ಲಿ ಹತ್ತು ಅಡೆತಡೆಗಳನ್ನು ದಾಟುವಾಗ ಎತ್ತರದಿಂದ ಧುಮುಕಬೇಕಾಗುತ್ತದೆ. ಆ ಕಾಲನ್ನು ಅದಕ್ಕೆ ಅವಸರದಿಂದ ಒಡ್ಡಬೇಡಿ.

ಆಪರೇಷನ್ ವಿಷಯ ಮುಚ್ಚಿಡುವ ಮಾತನ್ನು ದಯವಿಟ್ಟು ಮರೆಯಿರಿ. ಮಂಡಿಯ ಕೆಳಗಿನ ಗೆರೆ ಬಟ್ಟೆ ಬಿಚ್ಚಿದ ಕೂಡಲೇ ಕಾಣುತ್ತದೆ, ಎಲುಬಿನ ಗುರುತು ಎಕ್ಸ್‌ರೇಯಲ್ಲಿ ಉಳಿದಿರುತ್ತದೆ. ಸುಳ್ಳು ಬರೆದು ಸಿಕ್ಕಿಬಿದ್ದರೆ ಕಾಲಿನ ಮಾತು ಹೋಗಿ ನಡತೆಯ ಮಾತು ಬರುತ್ತದೆ. ಬದಲಿಗೆ ಮೊದಲ ದಿನದ ಎಕ್ಸ್‌ರೇಯಿಂದ ರಾಡ್ ತೆಗೆದ ನಂತರದ ಎಕ್ಸ್‌ರೇಯವರೆಗೆ, ಡಿಸ್ಚಾರ್ಜ್ ಚೀಟಿಯನ್ನೂ ಸೇರಿಸಿ ಒಂದು ಫೈಲಿನಲ್ಲಿಡಿ. ಮಂಡಳಿ ಅನರ್ಹವೆಂದರೂ ಅಧಿಕಾರಿ ಹುದ್ದೆಗಳಲ್ಲಿ 42 ದಿನದೊಳಗೆ ಮೇಲ್ಮನವಿ ಮಂಡಳಿಯ ಮುಂದೆ ಹೋಗಲು ಅವಕಾಶವಿದೆ, ಆಗ ಆ ಫೈಲು ಕೆಲಸಕ್ಕೆ ಬರುತ್ತದೆ.

ವಯಸ್ಸು ನಿಮ್ಮ ಪರವಾಗಿದೆ. ಸಿಡಿಎಸ್ ವರ್ಷಕ್ಕೆ ಎರಡು ಬಾರಿ ನಡೆಯುತ್ತದೆ, ಅಧಿಕಾರಿಗಳಿಗೆ ತರಬೇತಿ ಕೊಡುವ ಡೆಹ್ರಾಡೂನಿನ ಅಕಾಡೆಮಿಗೆ 24ರವರೆಗೂ ಚೆನ್ನೈಯದಕ್ಕೆ 25ರವರೆಗೂ ಅವಕಾಶವಿದೆ. ಈಗಲೇ ತೊಡೆಯನ್ನು ಗಟ್ಟಿಮಾಡಿ: ಮಂಡಿಚಿಪ್ಪಿನಿಂದ ನಾಲ್ಕು ಬೆರಳು ಮೇಲೆ ಎರಡೂ ತೊಡೆಗಳ ಸುತ್ತಳತೆಯನ್ನು ಟೇಪಿನಿಂದ ತಿಂಗಳಿಗೊಮ್ಮೆ ಅಳೆದು ಬರೆದಿಡಿ, ಬಲಗಾಲು ಎಡಗಾಲಿಗೆ ಸಮನಾಗುವವರೆಗೆ ವ್ಯಾಯಾಮ ಬಿಡಬೇಡಿ. ವೈದ್ಯರು ಓಡಲು ಒಪ್ಪಿದ ಮೇಲೆ ಮಣ್ಣಿನ ಮೈದಾನದಲ್ಲಿ ಓಡಿ. ಕಡಲ ದಂಡೆ ಬೇಡ, ಅದು ಇಳಿಜಾರಾಗಿರುವುದರಿಂದ ಒಂದೇ ಕಾಲಿನ ಮೇಲೆ ಭಾರ ಹೆಚ್ಚು ಬೀಳುತ್ತದೆ.

ಅಪ್ಪನ ಮಾತನ್ನು ತಳ್ಳಿಹಾಕಬೇಡಿ. ಇಂಗ್ಲಿಷ್, ಗಣಿತ, ಸಾಮಾನ್ಯ ಜ್ಞಾನ ಎರಡೂ ಪರೀಕ್ಷೆಗಳಿಗೆ ಬೇಕು. ಬ್ಯಾಂಕಿನ ಕೆಲಸ ಸಿಕ್ಕಿದರೂ, ಉದ್ಯೋಗದಲ್ಲಿರುವವರಿಗಾಗಿಯೇ ಇರುವ ಅರೆಕಾಲಿಕ ಸೇನೆಯಾದ ಟೆರಿಟೋರಿಯಲ್ ಆರ್ಮಿಯ ಅಧಿಕಾರಿ ಹುದ್ದೆಗೆ 42ರ ವಯಸ್ಸಿನವರೆಗೆ ಅರ್ಜಿ ಹಾಕಬಹುದು. ಅಲ್ಲಿಯೂ ವೈದ್ಯಕೀಯ ಪರೀಕ್ಷೆ ಇದ್ದೇ ಇದೆ, ಆ ಫೈಲನ್ನು ಜೋಪಾನವಾಗಿಡಿ.