ನಡುವೆ ಜೋತು ಬೀಳುವ ವಾಲಿಬಾಲ್ ನೆಟ್

ಎಷ್ಟು ಎಳೆದು ಕಟ್ಟಿದರೂ ಅರ್ಧ ಗಂಟೆಯಲ್ಲಿ ನೆಟ್ ನಡುವೆ ಜೋತು ಬೀಳುತ್ತಿದೆ ಎಂದರೆ ತಪ್ಪು ಬಹುಶಃ ಮೇಲಿನ ಹಗ್ಗದ್ದು. ನೈಲಾನ್ ಹಗ್ಗ ಎಳೆತಕ್ಕೆ ಹಿಗ್ಗುತ್ತಲೇ ಇರುತ್ತದೆ.

ಮೊದಲು ಕಂಬ ನೋಡಿ. ಬಿಗಿಯುವಾಗ ಒಳಕ್ಕೆ ವಾಲಿದರೆ ಬುಡ ಗಟ್ಟಿ ಮಾಡಲೇಬೇಕು, ಇಲ್ಲದಿದ್ದರೆ ಏನು ಕಟ್ಟಿದರೂ ಅಷ್ಟೇ. ಕಂಬ ನೆಟ್ಟಗಿದ್ದರೆ ನೈಲಾನ್ ತೆಗೆದು, ಮೇಲ್ಪಟ್ಟಿಯೊಳಗೆ ಉಕ್ಕಿನ ಕೇಬಲ್ ಹಾಯಿಸಿ ಬಿಗಿಯಿರಿ. ಕೆಳಗಿನ ಹಗ್ಗ ಆಮೇಲೆ. ಅದನ್ನೇ ಮೊದಲು ಬಿಗಿದರೆ ನೆಟ್ಟನ್ನು ಕೆಳಕ್ಕೆ ಜಗ್ಗುತ್ತದೆ.

ಎತ್ತರವನ್ನು ಅಂಕಣದ ನಡುವೆ ಅಳೆಯಿರಿ, ಕಂಬದ ಹತ್ತಿರ ಅಲ್ಲ: ಪುರುಷರಿಗೆ 2.43 ಮೀಟರ್, ಮಹಿಳೆಯರಿಗೆ 2.24. ಪಕ್ಕದ ಗೆರೆಗಳ ಮೇಲೆ ಎರಡೂ ಕಡೆ ಒಂದೇ ಎತ್ತರವಿರಬೇಕು, ಅದೂ ನಡುವಿಗಿಂತ 2 ಸೆಂ.ಮೀ. ಮೀರಬಾರದು. ಹತ್ತು ನಿಮಿಷ ಆಡಿ ಮತ್ತೊಮ್ಮೆ ಅಳೆಯಿರಿ.