ಕೂಸಿನ ಕಿವಿಗೆ ಬೀಳುವ ಮಾತು

ಪ್ರಶ್ನೆ: ಮಗಳಿಗೆ ಒಂಬತ್ತು ತಿಂಗಳು. ನಾನು ಕೆಲಸಕ್ಕೆ ಮರಳಬೇಕು. ಹತ್ತಿರದಲ್ಲಿ ಎರಡು ಡೇಕೇರ್‌ಗಳಿವೆ. ಒಂದರಲ್ಲಿ ದೊಡ್ಡ ಟಿವಿ, ದಿನವಿಡೀ ಇಂಗ್ಲಿಷ್ ರೈಮ್ಸ್. ಇನ್ನೊಂದು ಸಾದಾ ಮನೆ; ಏಳು ಮಕ್ಕಳು, ಇಬ್ಬರು ಆಯಾಗಳು. ಮಾತು ಕಲಿಯಲು ಯಾವುದು ಒಳ್ಳೆಯದು?
- ಓದುಗರು, ಶಿವಮೊಗ್ಗ

ಉತ್ತರ: ಎರಡನೆಯದನ್ನು ಮೊದಲು ನೋಡಿ ಬನ್ನಿ. 2003ರಲ್ಲಿ ಅಮೆರಿಕದ ವಿಜ್ಞಾನಿ ಪೆಟ್ರೀಷಿಯಾ ಕುಹ್ಲ್ ಮತ್ತು ಸಂಗಡಿಗರು ಒಂಬತ್ತು ತಿಂಗಳ ಮಕ್ಕಳಿಗೆ ಚೀನಾದ ಮ್ಯಾಂಡರಿನ್ ಕೇಳಿಸಿ ನೋಡಿದರು. ಎದುರು ಕೂತು ಆಡಿಸಿದವರಿಂದ ಮಕ್ಕಳು 12 ಸಲದಲ್ಲೇ ಆ ಭಾಷೆಯ ಧ್ವನಿಭೇದ ಗುರುತಿಸಲು ಕಲಿತರು. ಅದನ್ನೇ ಟಿವಿಯಲ್ಲಿ ತೋರಿಸಿದಾಗ ಏನೂ ಕಲಿಯಲಿಲ್ಲ. ಎರಡು ವರ್ಷದೊಳಗಿನ ಮಕ್ಕಳಿಗೆ ಟಿವಿ, ಮೊಬೈಲ್ ಬೇಡವೆಂದು ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಹೇಳಿದೆ. ನಿಮ್ಮ ಮಗಳದು ಬಹಳ ಮುಖ್ಯ ವಯಸ್ಸು. ತ-ಟ, ದ-ಡ ಇಂಥ ವ್ಯತ್ಯಾಸಗಳಿಗೆ ಕಿವಿ ಹದಗೊಳ್ಳುವುದು, ಕೇಳದ ಭಾಷೆಗಳ ಧ್ವನಿಭೇದ ಮಸುಕಾಗುವುದು ಎರಡೂ ಹೆಚ್ಚಾಗಿ ಮೊದಲ ಹುಟ್ಟುಹಬ್ಬದ ಆಸುಪಾಸಿನಲ್ಲೇ.

ಹೋದಾಗ ಗೋಡೆಯ ಚಿತ್ರ ನೋಡಬೇಡಿ. ಊಟ ಮಾಡಿಸುವ, ಬಟ್ಟೆ ಬದಲಿಸುವ ಹೊತ್ತಿಗೆ ಹೋಗಿ ಅರ್ಧ ಗಂಟೆ ಸುಮ್ಮನೆ ಕೂತುಕೊಳ್ಳಿ. ಮಗುವಿನ ಜೊತೆ ಒಬ್ಬರೇ ಇರುವ ಹೊತ್ತು ಅದು, ಮಾತಿಗೆ ಅದಕ್ಕಿಂತ ಒಳ್ಳೆಯ ಸಮಯವಿಲ್ಲ. ‘ಕಾಲೆತ್ತು ಪುಟ್ಟಿ, ಒದ್ದೆ ಚಡ್ಡಿ ಬಿಚ್ಚೋಣ’ ಎನ್ನುತ್ತಾರೋ, ಬಾಯಿ ಬಿಡದೆ ಕೆಲಸ ಮುಗಿಸುತ್ತಾರೋ? ಮಗು ‘ಬ ಬ’ ಎಂದರೆ ತಿರುಗಿ ನೋಡಿ ಉತ್ತರ ಕೊಟ್ಟು, ಅದರ ಮುಂದಿನ ಸದ್ದಿಗಾಗಿ ಐದಾರು ಸೆಕೆಂಡ್ ಕಾಯುತ್ತಾರೋ? ಕೋಣೆಯಲ್ಲಿ ಒಟ್ಟು ಎಷ್ಟು ಮಾತಿದೆ ಎನ್ನುವುದಲ್ಲ, ಈ ಮಗುವಿಗೆಂದೇ ಆಡಿದ್ದೆಷ್ಟು ಎನ್ನುವುದು ಲೆಕ್ಕ. ‘ಮುಟ್ಬೇಡ, ಕೂತ್ಕೋ, ಸುಮ್ನಿರು’ ಇವಷ್ಟೇ ಕೇಳಿಸಿದರೆ ಆ ಜಾಗ ಬೇಡ.

ಅಮೆರಿಕದ ಮಕ್ಕಳ ವೈದ್ಯರ ಸಂಘ ಒಂದು ವರ್ಷದೊಳಗಿನ ಮೂರು ಮಕ್ಕಳಿಗೆ ಒಬ್ಬರು ಇರಲಿ ಎನ್ನುತ್ತದೆ. ಏಳಕ್ಕೆ ಇಬ್ಬರು ಎಂದರೆ ಅದಕ್ಕೆ ಹತ್ತಿರ. ಆದರೆ ಅಡುಗೆ ಯಾರದ್ದೆಂದು ಕೇಳಿ. ಒಬ್ಬರು ಒಲೆ ಮುಂದಿದ್ದರೆ ಏಳು ಮಕ್ಕಳಿಗೂ ಉಳಿದವರು ಒಬ್ಬರೇ. ಆಯಾಗಳು ಎಷ್ಟು ಕಾಲದಿಂದ ಇದ್ದಾರೆ ಎಂದೂ ಕೇಳಿ. ಹೊಸಬರಿಗೆ ಕೂಸಿನ ಯಾವ ಸದ್ದು ಹಸಿವು, ಯಾವುದು ನಿದ್ದೆ ಎಂದು ತಿಳಿಯಲು ವಾರಗಳೇ ಬೇಕು. ಪದೇ ಪದೇ ಜನ ಬದಲಾದರೆ ಆ ಕೊಡುಕೊಳ್ಳುವಿಕೆ ಪ್ರತಿಸಲ ಮೊದಲಿನಿಂದ ಶುರುವಾಗುತ್ತದೆ.

ಪ್ರಶ್ನೆ: ನಮ್ಮದು ಶೀಟಿನ ಮಾಡಿನ ಶಿಶುಪಾಲನಾ ಕೇಂದ್ರ. ಮಳೆಗಾಲದಲ್ಲಿ ಏನು ಹೇಳಿದರೂ ಮಕ್ಕಳಿಗೆ ಕೇಳಿಸುವುದಿಲ್ಲ.
- ಕಾರ್ಯಕರ್ತೆ, ಹೊಸನಗರ

ಉತ್ತರ: ಮಾತು ಗದ್ದಲಕ್ಕಿಂತ ಸುಮಾರು 15 ಡೆಸಿಬಲ್ (ಸದ್ದಿನ ಜೋರಿನ ಅಳತೆ) ಮೇಲಿದ್ದರೆ ಮಕ್ಕಳಿಗೆ ಸ್ಪಷ್ಟ. ದೊಡ್ಡವರು ಕೇಳದ ಅಕ್ಷರವನ್ನು ಊಹಿಸಿಕೊಳ್ಳುತ್ತಾರೆ, ಇನ್ನೂ ಪದಗಳೇ ಗೊತ್ತಿಲ್ಲದ ಕೂಸು ಊಹಿಸಲಾರದು. ಕೂಗಬೇಡಿ, ಕೂಗಿದರೆ ಸ್ವರ ಜೋರಾಗುತ್ತದೆ, ವ್ಯಂಜನ ಅಷ್ಟು ಏರುವುದಿಲ್ಲ. ಒಂದು ಮೊಳ ದೂರದಲ್ಲಿ, ನಿಮ್ಮ ಮುಖಕ್ಕೆ ಬೆಳಕು ಬೀಳುವಂತೆ ಕೂತು, ಒಮ್ಮೆಗೆ ಇಬ್ಬರು ಮೂವರ ಜೊತೆ ಮಾತಾಡಿ. ಪದ್ಯ, ಕತೆಗಳನ್ನು ಮಳೆ ಹೊಳವಾದಾಗ ಇಟ್ಟುಕೊಳ್ಳಿ.

ಸದ್ದು ಹುಟ್ಟುವುದು ಹನಿ ತಗಡಿಗೆ ಬಡಿದಾಗ. ಹಾಗಾಗಿ ಒಳಗೆ ಬಟ್ಟೆ ಕಟ್ಟಿದರೆ ಕೋಣೆಯ ಪ್ರತಿಧ್ವನಿಯಷ್ಟೇ ತಗ್ಗುತ್ತದೆ. ಶೀಟಿನ ಮೇಲೆ ಅಡಿಕೆ ಸೋಗೆ ದಪ್ಪಗೆ ಹೊದಿಸಿ, ಗಾಳಿಗೆ ಹಾರದಂತೆ ಕಟ್ಟಿಸಿ. ಮಳೆಗಾಲ ಮುಗಿದ ಕೂಡಲೇ ತೆಗೆಸಿ, ಇಲ್ಲವಾದರೆ ತೇವ ನಿಂತು ತಗಡು ತುಕ್ಕು ಹಿಡಿಯುತ್ತದೆ. ಹಂಚಿನ ಕೋಣೆ ಸಿಗುವುದಾದರೆ ಚಿಕ್ಕ ಕೂಸುಗಳನ್ನು ಅಲ್ಲಿಗೆ ಹಾಕಿ.

ಪ್ರಶ್ನೆ: ಮನೆಯಲ್ಲಿ ಕೊಂಕಣಿ, ಡೇಕೇರ್‌ನಲ್ಲಿ ಕನ್ನಡ. ಮಗ ಗೊಂದಲವಾಗಿ ತಡವಾಗಿ ಮಾತಾಡುತ್ತಾನಾ?
- ತೀರ್ಥಹಳ್ಳಿ

ಉತ್ತರ: ಇಲ್ಲ. ಮಗನಿಗೆ ಎಷ್ಟು ಪದ ಬರುತ್ತವೆ ಎಂದು ಎಣಿಸುವಾಗ ಎರಡೂ ಭಾಷೆ ಕೂಡಿಸಿ ಎಣಿಸಿ. ವರ್ಷ ತುಂಬಿದರೂ ಹೆಸರು ಕರೆದಾಗ ತಿರುಗದಿದ್ದರೆ, ‘ಬಬ, ದದ’ ಎಂಬ ತೊದಲೂ ಇಲ್ಲದಿದ್ದರೆ ಭಾಷೆಯನ್ನು ದೂರಬೇಡಿ, ಕಿವಿ ಪರೀಕ್ಷೆ ಮಾಡಿಸಿ. ಪದೇ ಪದೇ ಶೀತವಾಗುವ ಮಕ್ಕಳಲ್ಲಿ ಕಿವಿತಮಟೆಯ ಹಿಂದೆ ನೀರು ತುಂಬಿ ಕೇಳಿಸುವುದು ಮಂದವಾಗಬಹುದು. ನೋವಿಲ್ಲದಿದ್ದರೂ ಇದು ಆಗುತ್ತದೆ, ಹಾಗಾಗಿ ಮನೆಯವರಿಗೆ ಗೊತ್ತಾಗುವುದಿಲ್ಲ.